ಜೆ ಅಕ್ಷರದ ಅಸಲಿ ಚೀಲ

ನನಗೊಂದು ಚಟವಿದೆ. ಬೀಡಿಯಲ್ಲ, ಎಲೆಯಡಿಕೆಯಲ್ಲ, ಇಸ್ಪೀಟಂತೂ ಅಲ್ಲವೇ ಅಲ್ಲ. ಯಾರ ಹೆಗಲಲ್ಲಾದರೂ ಒಂದು ಒಳ್ಳೆಯ ಚೀಲ ಕಂಡರೆ ಅದರ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು, ಚೈನು ಎಳೆದು ನೋಡಬೇಕು, ಅವಕಾಶ ಸಿಕ್ಕರೆ ಮೂಗಿನ ಹತ್ತಿರ ತಂದು ಮೂಸಿಯೂ ನೋಡಬೇಕು. ಎಪ್ಪತ್ತು ದಾಟಿದ ಗಂಡಸಿಗೆ ಇದು ಶೋಭಿಸುವ ಚಟವಲ್ಲವೆಂದು ನನಗೂ ಗೊತ್ತು. ಮದುವೆ ಮನೆಗಳಲ್ಲಿ ನಮ್ಮ ಬಳಗದ ಹೆಣ್ಣುಮಕ್ಕಳು ನಾನು ಬರುವುದು ಕಂಡರೆ ಪರ್ಸುಗಳನ್ನು ಸೆರಗಿನೊಳಗೆ ಸರಿಸುತ್ತಾರೆ. ನಾನು ಕದಿಯುತ್ತೇನೆಂದಲ್ಲ, "ಇದು ಡುಪ್ಲಿಕೇಟು" ಎಂದು ಎಲ್ಲರೆದುರು ಹೇಳಿಬಿಡುತ್ತೇನೆಂದು.

ಒಮ್ಮೆ ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನ ಹೆಣ್ಣುಮಗಳು ತನ್ನ ಚೀಲವನ್ನು ಸೀಟಿನ ಬೆನ್ನಿಗೆ ತೂಗುಹಾಕಿದ್ದಳು. ಅದು ನನ್ನ ಮೊಣಕಾಲಿಗೆ ತಾಗಿ ತಾಗಿ ಕರೆಯುತ್ತಿತ್ತು. ಎಷ್ಟು ಹೊತ್ತು ಸುಮ್ಮನಿರಲಿ? ಮೆಲ್ಲಗೆ ಚೈನು ಹಿಡಿದು ಒಂದು ಗೇಣು ಎಳೆದೆ. ಒಳ್ಳೆಯ ಚೈನು ಎಣ್ಣೆ ಹಚ್ಚಿದ ಬಾಗಿಲಿನಂತೆ ಸದ್ದಿಲ್ಲದೆ ಸರಿಯುತ್ತದೆ. ಇದು ಕರಕರ ಎಂದಿತು.

"ಏ ಯಪ್ಪಾ! ಏನ್ ಮಾಡಾಕತ್ತಿ ನನ್ನ ಹಿಂದ?"

"ಏನಿಲ್ಲವ್ವಾ, ಚೈನು ನೋಡಾಕತ್ತಿದ್ದೆ."

ನಮ್ಮ ಕಡೆ ಜಿಪ್ಪಿಗೂ ಚೈನೇ, ಕೊರಳಿನ ಬಂಗಾರದ ಎಳೆಗೂ ಚೈನೇ. ಆ ಹೆಣ್ಣುಮಗಳು ಎರಡೂ ಕೈಯಿಂದ ಕೊರಳು ಮುಚ್ಚಿಕೊಂಡು ಕೂಗಿದ ಕೂಗಿಗೆ ಡ್ರೈವರು ಬ್ರೇಕು ಹಾಕಿದ. ಕಂಡಕ್ಟರು ನನ್ನ ಬಿಳಿ ಧೋತ್ರ ನೋಡಿದ, ಬಿಳಿ ತಲೆ ನೋಡಿದ. "ಅಜ್ಜಾ, ಈ ವಯಸ್ಸಿನಾಗ ಚೈನು ಹರಿಯೋ ಕಸುಬು ಹಿಡದೀಯೇನು?" ಎಂದ. ಚೀಲದ ಚೈನೆಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಬೆವರಿಳಿದಿತ್ತು. ಕೊನೆಗೆ ಆಕೆಯೇ ನಗುತ್ತ, "ಹಂಗಾರ ನೋಡಿ ಹೇಳು, ನನ್ನ ಚೀಲ ಅಸಲಿ ಏನು?" ಎಂದು ಕೇಳಿದಳು. ಅಂಥ ಹೊತ್ತಿನಲ್ಲಿ ನಿಜ ಹೇಳುವ ಗಂಡಸು ಯಾರಿದ್ದಾರೆ? "ಒಂದು ನಂಬರ್ ಅದವ್ವಾ" ಎಂದೆ.

ಈ ಚಟಕ್ಕೆ ಒಂದು ಗೌರವ ತಂದುಕೊಟ್ಟವಳು ನನ್ನ ಸೊಸೆ ರೇಖಾ. ದೇವದುರ್ಗದ ಹುಡುಗಿ, ಬಿ.ಕಾಂ. ಓದಿದ್ದಾಳೆ, ಮಾತಿನಲ್ಲಿ ಕತ್ತರಿ. ನನ್ನ ಮಗ ಅಕ್ಕಿ ಗಿರಣಿಗೆ ಹೋದ ಮೇಲೆ ಅವಳು ಫೋನು ಹಿಡಿದು ತನ್ನ ಅಂಗಡಿ ತೆರೆಯುತ್ತಾಳೆ. ಅಂಗಡಿಯೆಂದರೆ ಗೋಡೆಯಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ದೊಡ್ಡ ದೊಡ್ಡ ಕಂಪನಿಗಳ ಹಳೆಯ ಚೀಲಗಳನ್ನು ಮನೆಮನೆಯಿಂದ ತಂದು, ಒರೆಸಿ, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು, ಆನ್‌ಲೈನ್ ಸಂತೆಯಲ್ಲಿ ಇಡುತ್ತಾಳೆ. ಕಂಪನಿಗಳ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಉಚ್ಚಾರ ಕೇಳಿ ರೇಖಾ ನಗುತ್ತಾಳೆ.

ಈ ಸಂತೆಯಲ್ಲಿ ಒಂದು ಕಟ್ಟುನಿಟ್ಟಿದೆ. ಅಸಲಿ ಎಂದು ಹೇಳಿ ನಕಲಿ ಮಾರಿದರೆ ಅಂಗಡಿ ಒಂದೇ ಏಟಿಗೆ ಬಂದ್. ಆದ್ದರಿಂದ ಒಂದು ಚೀಲ ಮನೆಗೆ ಬಂತೆಂದರೆ ಮೊದಲು ನನ್ನ ಮುಂದೆ ಬರುತ್ತದೆ. "ಮಾವಾರ, ಪಾಸೋ ಫೇಲೋ ಹೇಳ್ರಿ" ಎನ್ನುತ್ತಾಳೆ. ನಾನು ಕನ್ನಡಕ ಏರಿಸುತ್ತೇನೆ, ಆದರೆ ಕಣ್ಣನ್ನು ಹೆಚ್ಚು ನಂಬುವುದಿಲ್ಲ. ನಿಮಗೂ ಹೇಳಿಕೊಡುತ್ತೇನೆ, ಕೇಳಿ. ನಕಲಿ ಮಾಡುವವನು ಕಣ್ಣಿಗೆ ಹೆದರುತ್ತಾನೆ, ಬೆರಳಿಗೆ ಹೆದರುವುದಿಲ್ಲ. ಮುಂದುಗಡೆಯ ಬಿಲ್ಲೆ, ಬಕಲು, ಬಣ್ಣ ಎಲ್ಲವನ್ನೂ ಜೀವ ತೆತ್ತು ಮಾಡಿರುತ್ತಾನೆ. ಒಳಜೇಬಿನ ತಳಕ್ಕೆ ಕೈ ಇಳಿಸಿ. ಅಲ್ಲಿ ಅವನಿಗೆ ಬೇಜಾರು ಬಂದಿರುತ್ತದೆ. ದಾರ ಕಡಿದು ಹಾಗೆಯೇ ಬಿಟ್ಟಿರುತ್ತಾನೆ, ಅಂಟು ಒಸರಿರುತ್ತದೆ. ಅಸಲಿ ಮಾಡಿದವನಿಗೆ ಯಾರೂ ನೋಡದ ಜಾಗದಲ್ಲೂ ಅದೇ ಹೊಲಿಗೆ, ಅದೇ ಸಾಲು. ಹಿಡಿಕೆಯ ಲೋಹದ ಕಡಿ ಎತ್ತಿ ನೋಡಿ, ಭಾರವಿರಬೇಕು. ಕತ್ತರಿಸಿದ ಅಂಚಿಗೆ ಬಳಿದ ಬಣ್ಣ ಉಗುರಿಗೆ ಏಳಬಾರದು. ಕೊನೆಗೆ ಮೂಗು. ಚರ್ಮಕ್ಕೆ ಎಷ್ಟು ವರ್ಷ ಕಳೆದರೂ ಅದರದೇ ಒಂದು ಉಸಿರಿರುತ್ತದೆ.

ಜನರೂ ವಿಚಿತ್ರ. ರೇಖಾಳ ತವರಿನ ಓಣಿಯಲ್ಲಿ ಒಬ್ಬ ಮುದುಕಿಯ ಮನೆಗೆ ಹೋದಾಗ ಆಕೆ ಅಟ್ಟದ ಮೇಲಿಂದ ಒಂದು ಚೀಲ ಇಳಿಸಿದಳು. ಕೊಲ್ಲಿ ದೇಶಕ್ಕೆ ದುಡಿಯಲು ಹೋಗಿದ್ದ ತಮ್ಮ ಅಲ್ಲಿನ ಶ್ರೀಮಂತರ ಮನೆಯಿಂದ ತಂದುಕೊಟ್ಟದ್ದಂತೆ. ಚೈನು ಎಳೆದರೆ ಒಳಗೆ ತುಂಬ ಶಾವಿಗೆ! "ಇಲಿ ಕಡಿಯಂಗಿಲ್ಲರೀ ಇದನ್ನ, ಅದಕ್ಕ ಇಟ್ಟೀನಿ" ಎಂದಳು. ನಾನು ಶಾವಿಗೆಯನ್ನು ಮೊರಕ್ಕೆ ಸುರಿದು, ಜೇಬಿನ ತಳಕ್ಕೆ ಬೆರಳು ಇಳಿಸಿದೆ. ಅಂಥ ಹೊಲಿಗೆಯನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ರೇಖಾಳಿಗೆ ಕಣ್ಸನ್ನೆಯಲ್ಲೇ ಪಾಸು ಎಂದೆ. ಅದನ್ನು ಕೊಂಡ ಪುಣೆಯ ಹೆಣ್ಣುಮಗಳು ಆಮೇಲೆ ಬರೆದಿದ್ದಳಂತೆ, ಚೀಲ ಬಹಳ ಚೆನ್ನಾಗಿದೆ, ಮೂಲೆಯಲ್ಲಿ ಸಣ್ಣ ಸಣ್ಣ ಬಿಳಿ ದಾರದಂಥದ್ದು ಸಿಕ್ಕಿತು, ಅದೇನು ಎಂದು.

ಹೀಗೆ ನನ್ನ ಮಾತು ನಡೆಯುತ್ತಿತ್ತು. ರೇಖಾ ಹೋದಲ್ಲೆಲ್ಲ ಹೇಳುತ್ತಿದ್ದಳು: "ನಮ್ಮ ಮಾವಾರು ಹೇಳಿದ್ರ ಮುಗೀತು, ಅವರು ಸುಳ್ಳು ಹೇಳಂಗಿಲ್ಲ." ಕೇಳಿದವರು, ಅಜ್ಜನಿಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ನಾನು ಮೀಸೆ ಮೇಲೆ ಕೈ ಆಡಿಸಿ, "ಅನುಭವ" ಎನ್ನುತ್ತಿದ್ದೆ. ಎಂಥ ಅನುಭವ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ನಮ್ಮದು ಮಾನ್ವಿ ತಾಲೂಕಿನ ಕುರ್ಡಿ. ಚಪ್ಪಲಿ ಹೊಲಿಯುವವರ ಮನೆ. ಅಪ್ಪ ಯಲ್ಲಪ್ಪ ತಾನೇ ತೊಗಲು ಹದ ಮಾಡಿ, ತಾನೇ ಕೊಯ್ದು, ಮಾನ್ವಿಯ ಸಂತೆಗೆ ಒಯ್ದು ಮಾರುತ್ತಿದ್ದ. ಮನೆಯ ಹಿಂದೆ ತಂಗಡಿ ತೊಗಟೆಯ ಕೆಂಪು ನೀರಿನಲ್ಲಿ ತೊಗಲು ನೆನೆಯುತ್ತಿತ್ತು. ಅದರ ವಾಸನೆ ನನ್ನ ರೊಟ್ಟಿಗೆ, ಹಾಸಿಗೆಗೆ, ಶಾಲೆಯ ಅಂಗಿಗೆ, ಎಲ್ಲಕ್ಕೂ ಬರುತ್ತಿತ್ತು. ನನಗದು ವಾಸನೆಯೆಂದೇ ಗೊತ್ತಿರಲಿಲ್ಲ, ಗಾಳಿ ಅಂದರೆ ಅದೇ ಎಂದು ತಿಳಿದಿದ್ದೆ. ಶಾಲೆಗೆ ಹೋದ ಮೇಲೆ ಗೊತ್ತಾಯಿತು. ಮಾಸ್ತರರು ನನ್ನನ್ನು ಬಾಗಿಲಿನ ಪಕ್ಕ ಕೂಡಿಸಿದರು, "ಅಲ್ಲಿ ಗಾಳಿ ಛಲೋ ಬರ್ತದ" ಎಂದರು. ಗಾಳಿ ಯಾರಿಗೆ ಬೇಕಿತ್ತು ಎಂಬುದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಅಪ್ಪನ ಚಪ್ಪಲಿಗೆ ಹೆಸರಿತ್ತು. ಹಿರೇಕೊಟ್ನೆಕಲ್ಲಿನ ರೈತರು, "ಯಲ್ಲಪ್ಪನ ಮೆಟ್ಟು ಕಚ್ಚಂಗಿಲ್ಲ" ಎನ್ನುತ್ತಿದ್ದರು. ಹೊಸ ಚಪ್ಪಲಿ ಕಾಲು ಕಚ್ಚಿದರೆ ಅದು ಹೊಲಿದವನ ತಪ್ಪು ಎಂದು ಅಪ್ಪನ ಲೆಕ್ಕ. ಕೊಡುವ ಮುಂಚೆ ತನ್ನ ಕಾಲಿಗೇ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುತ್ತಿದ್ದ. ಸಣ್ಣ ಅಳತೆಯದಾದರೆ ನನ್ನ ಕಾಲಿಗೆ. ಹೀಗಾಗಿ ಊರಿನ ಎಲ್ಲ ಹುಡುಗರ ಚಪ್ಪಲಿಗಳನ್ನು ಅವರಿಗಿಂತ ಮೊದಲು ಮೆಟ್ಟಿದವನು ನಾನು. ಆ ಗುಟ್ಟು ಅವರಿಗೆ ಗೊತ್ತಿರಲಿಲ್ಲ. ಬಾಗಿಲಿನ ಪಕ್ಕ ಕೂತಾಗ ಅದೊಂದೇ ನನಗೆ ಸಮಾಧಾನ.

ಎಸ್ಸೆಸ್ಸೆಲ್ಸಿ ಪಾಸಾದೆ. ನಮ್ಮ ಓಣಿಗೆ ಮೊದಲನೆಯವನು. ಪಾಸಾದವನು ಮತ್ತೆ ತೊಗಲಿಗೆ ಕೈ ಹಚ್ಚಲಾರೆ ಎಂದು ರಾಯಚೂರಿಗೆ ಬಂದೆ. ಅಲ್ಲಿ ಮೊದಲ ಸಲ ರೆಕ್ಸಿನ್ನಿನ ಉರುಳಿ ಕಂಡೆ. ಬಟ್ಟೆಯ ಮೇಲೆ ಪ್ಲಾಸ್ಟಿಕ್ಕು ಎರೆದ ಹಾಳೆ. ಚರ್ಮದ ಹಾಗೆಯೇ ಹೊಳಪು, ಚರ್ಮದ ಹಾಗೆಯೇ ಗೀರು. ಮೂಸಿ ನೋಡಿದೆ. ಏನೂ ಇಲ್ಲ! ರೆಕ್ಸಿನ್ನಿಗೆ ವಾಸನೆಯಿಲ್ಲ, ಊರಿಲ್ಲ, ಜಾತಿಯಿಲ್ಲ. ನನಗೆ ಪ್ರೀತಿಯೇ ಹುಟ್ಟಿಬಿಟ್ಟಿತು. ತೀನ್ ಕಂದೀಲಿನ ಹತ್ತಿರದ ಗಲ್ಲಿಯಲ್ಲಿ ಒಂದು ಮಳಿಗೆ ಹಿಡಿದು, ಮಿಶನ್ನು ಇಟ್ಟು, ಚೀಲ ಹೊಲಿಯತೊಡಗಿದೆ. ಅಪ್ಪನ ಕೈ ನನಗೆ ಬಂದಿತ್ತು. ನನ್ನ ಚೀಲದ ಹಿಡಿಕೆ ಕಿತ್ತು ಬಂತೆಂದು ಯಾರೂ ತಿರುಗಿ ಬಂದದ್ದಿಲ್ಲ.

ಆದರೆ ಗಿರಾಕಿಗಳದ್ದು ಒಂದೇ ಪ್ರಶ್ನೆ: "ಚರ್ಮದ್ದೇನ್ರಿ?" ಅಲ್ಲ ಎಂದರೆ ಕೈಯಲ್ಲಿ ಹಿಡಿದಿದ್ದನ್ನು ಕೆಳಗಿಟ್ಟು ಹೋಗುತ್ತಿದ್ದರು. ಬಾಗಿಲಿನ ಪಕ್ಕ ಕೂಡಿಸುವುದು ಅದೇ ಚರ್ಮದ ಸಲುವಾಗಿ, ಅಂಗಡಿಯಲ್ಲಿ ಬೇಕಾಗಿರುವುದೂ ಅದೇ ಚರ್ಮ. ಒಂದು ದಿನ ಸಿಟ್ಟಿಗೋ ಸೇಡಿಗೋ, "ಹೌದ್ರಿ, ಚರ್ಮದ್ದ" ಎಂದುಬಿಟ್ಟೆ. ಮಾರಾಟವಾಯಿತು. ಮರುದಿನ ಸಿಟ್ಟು ಇರಲಿಲ್ಲ, ಆದರೂ ಅಂದೆ. ಬಾಯಿಮಾತು ಸಾಲದೆಂದು ಪರದೇಶದ ದೊಡ್ಡ ಕಂಪನಿಯ ಬಿಲ್ಲೆ ಮಾಡಿಸಿ ಮುಂದೆ ಹಚ್ಚಿದೆ. ಒಳಗಡೆ ಒತ್ತಲು ಇಂಗ್ಲಿಷಿನಲ್ಲಿ "ಜೆನ್ಯೂನ್ ಲೆದರ್" ಎಂಬ ಅಚ್ಚು ಬೇಕಾಯಿತು. ಅಚ್ಚು ಕೊರೆಯುವ ಖಾಜಾಸಾಬ್ ಕಾಗದ ಪೆನ್ಸಿಲ್ಲು ಮುಂದಿಟ್ಟ.

"ಸ್ಪೆಲ್ಲಿಂಗ್ ನೀವ ಬರೀರಿ ಭಾಯ್, ನೀವು ಎಸ್ಸೆಸ್ಸೆಲ್ಸಿ."

ನಾನು ಬರೆದೆ. ಖಾಜಾಸಾಬ್ ಕಾಗದವನ್ನು ದೂರ ಹಿಡಿದು ನೋಡಿದ. "ಮೊದಲಿಗೆ ಜಿ ಬರ್ತದಲ್ಲೇನು? ಎಲ್ಲೋ ನೋಡೀನಿ."

"ಜಿ ಅಂದ್ರ ಗ ಆಗ್ತದ ಸಾಬ್. ಗೋಟ್, ಗರ್ಲ್. ಜಿ ಹಾಕಿದ್ರ ಗೆನ್ಯೂನ್ ಅಂತ ಓದ್ತಾರ ಮಂದಿ. ಜೀಪಿಗೆ ಜೆ, ಜಗ್ಗಿಗೆ ಜೆ, ಜೆನ್ಯೂನಿಗೂ ಜೆ."

"ಸಹೀ ಬಾತ್" ಎಂದು ತಲೆದೂಗಿ ಅವನು ಕೊರೆದುಕೊಟ್ಟ. ಹಿತ್ತಾಳೆಯ ಗಟ್ಟಿ ಅಚ್ಚು. ರೇಖಾ ಸೊಸೆಯಾಗಿ ಬರುವ ಬಹಳ ಮೊದಲೇ ಅಂಗಡಿ ಮುಚ್ಚಿದೆ, ಅಲ್ಲಿಯವರೆಗೂ ಅದೇ ಅಚ್ಚನ್ನು ಕಾಯಿಸಿ ಕಾಯಿಸಿ ರೆಕ್ಸಿನ್ನಿನ ಮೇಲೆ ಒತ್ತಿದೆ. ಈ ಇಡೀ ಭೂಮಿಯ ಮೇಲೆ ಜೆ ಹಾಕಿ ಜೆನ್ಯೂನ್ ಬರೆದ ಚೀಲಗಳಿದ್ದರೆ ಅವು ನನ್ನವೇ. ದೇವರು ಕಳ್ಳನಿಗೂ ಒಂದು ಸಹಿ ಕೊಟ್ಟಿರುತ್ತಾನೆ.

ಹೋದ ಬೇಸಿಗೆ ರೇಖಾ ಮಾನ್ವಿಯಿಂದ ಒಂದು ಚೀಲ ತಂದಳು. ಕೊಟ್ಟವರು ವನಮಾಲಾಬಾಯಿ, ನಿವೃತ್ತ ಶಿಕ್ಷಕಿ. ಮಠಕ್ಕೆ ನಡೆದುಕೊಳ್ಳುವ, ಮಡಿ ಬಿಡದ ವೈಷ್ಣವರ ಮನೆ. ಕಂದುಬಣ್ಣದ ದೊಡ್ಡ ಚೀಲ, ಹಳೆಯದಾದರೂ ಮೈ ತುಂಬ ಎಣ್ಣೆಯ ಮಿರುಗು. ಹಳೆಯದಾದಷ್ಟೂ ಬೆಲೆ ಬರುವ ಕಂಪನಿಯ ಬಿಲ್ಲೆ ನೋಡಿ ರೇಖಾಳಿಗೆ ಆಸೆ ಹುಟ್ಟಿತ್ತು. ನಾನು ಹಿಡಿಕೆ ಮುಟ್ಟಿದ ಕೂಡಲೇ ಬೆರಳಿಗೆ ಗೊತ್ತಾಯಿತು. ಅಷ್ಟರಲ್ಲಿ ಅವಳು ಒಳಜೇಬು ಹೊರಳಿಸಿದ್ದಳು.

"ಮಾವಾರ, ಇಲ್ಲಿ ನೋಡ್ರಿ! ಜೆನ್ಯೂನ್‌ಗೆ ಜೆ ಹಾಕ್ಯಾನ! ಯಾವ ದಡ್ಡ ಮಾಡ್ಯಾನೋ ಇದನ್ನ!"

"ಶುದ್ಧ ದಡ್ಡ" ಎಂದು ನಾನೂ ನಕ್ಕೆ. ಅವಳಿಗಿಂತ ಜೋರಾಗಿ ನಕ್ಕೆ. "ಫೇಲು. ರೆಕ್ಸಿನ್ನು. ವಾಪಸ್ ಕೊಟ್ಟುಬಿಡವ್ವಾ" ಎಂದೆ. ನಿಜವನ್ನೇ ಹೇಳಿದೆನಲ್ಲ ಎಂದು ಹಾಸಿಗೆಯ ಮೇಲೆ ಕಾಲು ಚಾಚಿದೆ.

ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ರೇಖಾ ಚೀಲ ತಿರುಗಿ ಕೊಟ್ಟು ಬಂದ ಸಂಜೆಯೇ ವನಮಾಲಾಬಾಯಿಯವರ ದನಿ ಮಾನ್ವಿಯ ಹೆಣ್ಣುಮಕ್ಕಳ ಫೋನಿನ ಗುಂಪಿನಲ್ಲಿ ಹರಿದಾಡಿತು. ಯಾರೋ ರೇಖಾಳಿಗೂ ಕಳಿಸಿದ್ದರು. ಪಾಠ ಹೇಳಿ ಪಳಗಿದ ಗಟ್ಟಿ ಗಂಟಲು:

"ಎಲ್ಲಾರೂ ಕೇಳ್ರಿ. ರಾಯಚೂರಿಂದ ರೇಖಾ ಅಂತ ಒಬ್ಬಾಕಿ ಬರ್ತಾಳ. ಜೋಡಿಗೆ ಮನ್ಯಾಗ ಒಬ್ಬ ಮುದುಕನ್ನ ಇಟ್ಕೊಂಡಾಳ. ಅಸಲಿ ಮಾಲಿಗೆ ನಕಲಿ ಅಂತ ಅವನ ಬಾಯಿಂದ ಹೇಳಸೋದು, ಆಮ್ಯಾಲೆ ಪುಕ್ಕಟೆ ಹೊಡಕೊಂಡು ಹೋಗೋದು. ನಮ್ಮ ಅತ್ತಿಯವರು ಈ ಚೀಲ ಚರ್ಮದ್ದಂತ ಮೂವತ್ತು ವರ್ಷದಿಂದ ಹೊಸಲು ದಾಟಿ ಒಳಗ ಬಿಟ್ಟಿಲ್ಲ. ಅದಕ್ಕ ರೆಕ್ಸಿನ್ ಅಂತಾರ! ಹುಷಾರಾಗಿರ್ರಿ."

ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಸಲಿಯನ್ನು ನಕಲಿ ಎಂದು ಹೆದರಿಸಿ ಅಗ್ಗಕ್ಕೆ ಎತ್ತುವವರು ನಿಜಕ್ಕೂ ಇದ್ದಾರೆ. ಆದ್ದರಿಂದಲೇ ಜನ ನಂಬಿದರು. ಮಾನ್ವಿಯಲ್ಲಿ ಅರ್ಧ ಊರು ವನಮಾಲಾಬಾಯಿಯವರ ಕೈಯಲ್ಲಿ ಓದಿದವರು. ಚೀಲ ಕೊಡುತ್ತೇವೆ ಎಂದಿದ್ದವರು ಒಲ್ಲೆವೆಂದರು, ಕೊಟ್ಟವರು ತಿರುಗಿ ಕೇಳಿದರು. ಮಾತು ದೇವದುರ್ಗಕ್ಕೂ ಹೋಗಿ ರೇಖಾಳ ತವರಿನವರು ಫೋನು ಮಾಡಿ, "ಏನ್ ಕೇಳಾಕತ್ತೀವಿ ಇದು?" ಎಂದರು. ಬಾಯಿ ತುಂಬ ಮಾತಾಡುವ ಹುಡುಗಿ ಫೋನನ್ನು ಬೋರಲು ಹಾಕಿ ಕೂತಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ರೊಟ್ಟಿ ತಟ್ಟುತ್ತ ಕೇಳಿದಳು.

"ಮಾವಾರ, ಸಿಟ್ಟಾಗಬ್ಯಾಡ್ರಿ. ಆ ಚೀಲ ನೀವು ಸರಿಯಾಗಿ ನೋಡಿದ್ರೇನು? ಹಿಂಗ ಮುಟ್ಟಿ ಹಂಗ ಕೊಟ್ರಿ. ಆ ಬಾಯಾರು ಜೆ ಅಂದ್ರ ಇಟಲಿ ಸ್ಪೆಲ್ಲಿಂಗ್ ಅಂತಾರ. ಹೌದೋ ಏನೋ ಯಾರಿಗೆ ಗೊತ್ತು."

"ಇಟಲಿದಲ್ಲವ್ವಾ ಅದು."

"ಅಷ್ಟು ಗಟ್ಟಿ ಹೆಂಗ ಹೇಳ್ತೀರಿ?"

"ನಾನ ಮಾಡೀನಿ."

ತಟ್ಟುವ ಸದ್ದು ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಹೇಳುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ, ಅದೇ ನನಗೆ ಆಶ್ಚರ್ಯ. ಇಷ್ಟು ವರ್ಷ ಹೊತ್ತದ್ದು ಒಂದು ರೊಟ್ಟಿ ಸೀಯುವಷ್ಟರಲ್ಲಿ ಮುಗಿಯಿತು.

"ಹಂಗಾರ ಆ ಜೆ?"

"ನಂದ."

"ನಾ ನಿಮ್ಮೆದುರಿಗೇ ದಡ್ಡ ಅಂದೆ. ನೀವೂ ಅಂದ್ರಿ!"

"ಖರೇನ ಅಂದೆ."

ಅವಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ದಿನಾ ಮಂದಿಗೆ ಹೇಳ್ತೀನಲ್ಲರೀ, ನಮ್ಮ ಮಾವಾರು ಸುಳ್ಳು ಹೇಳಂಗಿಲ್ಲ ಅಂತ" ಎಂದಳು. ಬೈದಿದ್ದರೆ ತಡೆಯುತ್ತಿದ್ದೆ. ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು, ಬಿಸಿಯದನ್ನು ನನಗೆ ಹಾಕಿದಳು.

"ನಾಳಿ ಮಾನ್ವಿಗೆ ಹೋಗೂಣು" ಎಂದೆ.

"ಬ್ಯಾಡ್ರಿ. ನಿಮ್ಮ ಮರ್ಯಾದಿ ಹೋಗ್ತದ."

"ಹೋಗದಿದ್ರ ನಿಂದು ಹೋಗ್ತದ. ನಿಂದು ಹೊಸಾದು. ನಂದಾದ್ರ ಸೆಕೆಂಡ್ ಹ್ಯಾಂಡು, ಹೋದ್ರ ಹೋಗ್ಲಿ."

ವನಮಾಲಾಬಾಯಿಯವರ ಮನೆಯ ಮುಂದೆ ಹಳೆಯ ಕಾಲದ ಕಲ್ಲಿನ ಕಟ್ಟೆ, ಅದರ ಮೇಲೊಂದು ತಗಡಿನ ನೆರಳು. ಗೋಡೆಯ ಮೊಳೆಗೆ ಚೀಲ ತೂಗುತ್ತಿತ್ತು. ತೂಗಿ ತೂಗಿ ಸುಣ್ಣದ ಗೋಡೆಯ ಮೇಲೆ ಅದರ ಆಕಾರದ ಕಲೆಯೇ ಬಿದ್ದಿತ್ತು. ಬಾಯಾರು ನಮ್ಮನ್ನು ಕೂಡಿರೆಂದೂ ಅನ್ನಲಿಲ್ಲ, ಹೋಗಿರೆಂದೂ ಅನ್ನಲಿಲ್ಲ.

"ಏನು, ಈಗ ಅಸಲಿ ಅಂತ ಹೇಳ್ಲಿಕ್ಕೆ ಬಂದೀರೇನು?"

ನಾನು ಕಟ್ಟೆಯ ಅಂಚಿಗೆ ಕೂತು, ಕೈಮುಗಿದು, "ಬಾಯಾರ, ಈ ಚೀಲ ಮಾಡಿದಾವ ನಾನು" ಎಂದೆ. ತೀನ್ ಕಂದೀಲಿನ ಅಂಗಡಿ, ಬಿಲ್ಲೆ, ಅಚ್ಚು, ಖಾಜಾಸಾಬ್, ಎಲ್ಲ ಹೇಳಿದೆ. ಅವರು ಚೀಲ ನೋಡಿದರು, ನನ್ನ ಮುಖ ನೋಡಿದರು.

"ನನಗ ನೆನಪದ ನಿಮ್ಮ ಅಂಗಡಿ" ಎಂದರು ಮೆಲ್ಲಗೆ. "ನೌಕರಿ ಸಿಕ್ಕ ಹೊಸದಾಗಿ ನಾನು, ನಮ್ಮ ಯಜಮಾನರು ಬಂದಿದ್ವಿ. ಅವರು ರೆಕ್ಸಿನ್ ಕೊಡ್ರಿ, ಮನ್ಯಾಗ ಚರ್ಮ ನಡ್ಯಂಗಿಲ್ಲ ಅಂದ್ರು. ನಾನು ಚರ್ಮದ್ದ ಬೇಕು ಅಂದೆ. ನನ್ನ ಪಗಾರ, ನನ್ನ ಚೀಲ. ನೀವು ಇದನ್ನ ಮುಂದಿಟ್ಟು, ಶುದ್ಧ ಚರ್ಮ ತಂಗೀ ಅಂದ್ರಿ."

ನನಗೆ ಅವರ ನೆನಪಿರಲಿಲ್ಲ. ಎಷ್ಟು ಜನರಿಗೆ ಎಷ್ಟು ಸಲ ಅಂದಿದ್ದೆನೋ. ಆದರೆ ಒಂದು ಮಾತು ಎದೆಯಲ್ಲಿ ಚುಚ್ಚಿತು. ಆವತ್ತು ನಾನು ನಿಜ ಹೇಳಿದ್ದರೆ ಆ ಗಂಡ ಖುಷಿಯಿಂದಲೇ ಕೊಳ್ಳುತ್ತಿದ್ದ.

"ಆಮ್ಯಾಲೆ ಗೊತ್ತೇನ್ರಿ ಏನಾತು?" ಬಾಯಾರ ದನಿ ಏರಿತು. "ಚೀಲ ಮುಟ್ಟಿ ಬಂದ್ರ ಅತ್ತಿಯವರು ನನ್ನ ಕೈಯಾಗಿನ ನೀರು ಕುಡೀತಿರಲಿಲ್ಲ. ಸಾಲಿಯಿಂದ ಬಂದ ಕೂಡ್ಲೆ ತಲಿ ಮ್ಯಾಲೆ ನೀರು. ನಾನೂ ಬಿಡಲಿಲ್ಲ, ಅದನ್ನ ಹಿಡಕೊಂಡು ಹೋಗ್ತಿದ್ದೆ, ತಿರುಗಿ ಬಂದು ಝಳಕ ಮಾಡ್ತಿದ್ದೆ. ವರ್ಷಾ ವರ್ಷಾ ಎಣ್ಣಿ ಹಚ್ಚೀನಿ, ಚರ್ಮ ಒಣಗಬಾರದು ಅಂತ! ನಮ್ಮ ಇಂಗ್ಲಿಷ್ ಮಾಸ್ತರ ಸ್ಪೆಲ್ಲಿಂಗ್ ತಪ್ಪದ ಅಂದ್ರ, ಇಟಲಿಯಾಗ ಹಿಂಗ ಬರೀತಾರ ಅಂತ ಅವನ ಕೂಡ ಜಗಳಾ ಮಾಡೀನಿ! ಈಗ ಬಂದು ರೆಕ್ಸಿನ್ ಅಂತೀರಿ? ಹೆಂಗ ನಂಬ್ಲಿ? ಸೊಸಿ ಹೆಸರು ಉಳಸ್ಲಿಕ್ಕೆ ನೀವು ಕಥಿ ಕಟ್ಟಿದ್ರ?"

ಅದೂ ಸರಿಯೇ. ಸುಳ್ಳುಗಾರನೆಂದು ಒಪ್ಪಿಕೊಂಡವನ ಮಾತನ್ನು ಯಾಕೆ ನಂಬಬೇಕು? ನಾನು ಅಪ್ಪಣೆ ಕೇಳಿ, ಒಳಜೇಬಿನ ತಳದಿಂದ ಬೆರಳಗಲದ ಚೂರು ಕತ್ತರಿಸಿ, ಕಡ್ಡಿ ಗೀರಿದೆ. ಚರ್ಮ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತದೆ. ಇದು ಕರಗಿ, ಕಪ್ಪು ಹನಿಯಾಗಿ ತೊಟ್ಟಿಕ್ಕಿತು.

ಒಳಗಿನಿಂದ ಚೀರಿದ ದನಿ ಬಂತು. "ವನಮಾಲಾ! ಹೊರಗ ಚರ್ಮ ಸುಡ್ಲಿಕ್ಕತ್ತೀರೇನು? ಏನ್ ಹೊಲಸು ವಾಸನಿ!"

"ಅತ್ಯಾ, ಬರ್ರಿ ಇಲ್ಲಿ" ಎಂದರು ಬಾಯಾರು, ಹೊಗೆಯನ್ನು ಮೂಗಿಗೆ ಎಳೆದುಕೊಳ್ಳುತ್ತ. "ಇದು ಪ್ಲಾಸ್ಟಿಕ್ ಬಕೆಟ್ ಸುಟ್ಟ ವಾಸನಿ."

ಅತ್ತೆ ಬಾಗಿಲಿಗೆ ಬಂದರು. ಕೆಂಪು ಸೀರೆ, ಬೋಳಿಸಿದಂತೆ ಸಣ್ಣದಾದ ಬಿಳಿ ಕೂದಲು, ಬಾಗಿದ ಬೆನ್ನು. ಕಣ್ಣು ಮಾತ್ರ ನನ್ನ ಅಚ್ಚಿನ ಹಾಗೆ ಒತ್ತುವ ಕಣ್ಣು. ಎರಡೂ ಕೈಯಿಂದ ಚೌಕಟ್ಟು ಹಿಡಿದು ನಿಂತರು.

"ಯಾರಿವ?"

"ಕುರ್ಡಿ ಯಲ್ಲಪ್ಪನ ಮಗ ರೀ, ಅವ್ವಾರ."

"ಚಪ್ಪಲಿ ಯಲ್ಲಪ್ಪನ ಮಗಾ? ನಮ್ಮನಿಯವರು ಅವನ ಚಪ್ಪಲಿ ಬಿಟ್ಟು ಬ್ಯಾರೇದು ಮೆಟ್ಟಲಿಲ್ಲ. ಅವಂದು ಖರೇ ಕೈ." ಚೀಲದ ಕಡೆ ಗದ್ದ ಎತ್ತಿದರು. "ಇದು?"

"ಇದು ಸುಳ್ಳು ಕೈ ರೀ. ಚರ್ಮ ಅಲ್ಲ. ಬಟ್ಟಿ ಮ್ಯಾಲೆ ಪ್ಲಾಸ್ಟಿಕ್."

"ಮಳಿಗಾಲದಾಗ ವಾಸನಿ ಬರ್ತಿತ್ತಲ್ಲೋ ನನಗ!"

"ಎಣ್ಣಿದು ಇರಬೇಕ್ರಿ. ಬಾಯಾರು ಹಚ್ಚಿದ್ದು."

ಅಜ್ಜಿ ಸೊಸೆಯನ್ನು ನೋಡಿದರು, ಸೊಸೆ ಅಜ್ಜಿಯನ್ನು ನೋಡಿದರು. ಇಬ್ಬರ ನಡುವೆ ಎಷ್ಟು ಕೊಡ ನೀರು ಸುರಿದಿತ್ತೋ ಅವರಿಗೇ ಗೊತ್ತು. ಕೊನೆಗೆ ಅಜ್ಜಿಯೇ, "ಯಲ್ಲಪ್ಪನ ಹೊಟ್ಟ್ಯಾಗ ಎಂಥಾವ ಹುಟ್ಟಿದ್ಯೋ! ನನ್ನ ಸೊಸಿಗೆ ಮೂವತ್ತು ವರ್ಷ ಸುಮ್ಮಸುಮ್ಮನ ಝಳಕಾ ಮಾಡ್ಸಿದೆಲ್ಲೋ" ಎಂದರು. ಸೊಸೆಯ ಕಡೆ ತಿರುಗಿ, ಒಂದಿಷ್ಟು ಮೆತ್ತಗಾಗಿ, "ಹಂಗಾರ ಒಳಗ ತೊಗೊಂಡು ಬಾರವಾ ಅದನ್ನ. ಬಿಸಲಾಗ ಯಾಕ ತೂಗಬೇಕು?" ಎಂದರು.

ಇಷ್ಟು ಕಾಲ ಬಾಯಾರು ಗೆಲ್ಲಬೇಕೆಂದಿದ್ದ ಮಾತು ಅದು. ಅವರು ಚೀಲ ಕೈಗೆ ತೆಗೆದುಕೊಂಡರು. ಹಿಡಿಕೆ ಸವರಿದರು. ಮತ್ತೆ ಅದೇ ಮೊಳೆಗೆ ತೂಗುಹಾಕಿದರು.

"ಬ್ಯಾಡ್ರಿ ಅತ್ಯಾ. ಚರ್ಮದ್ದಂತ ತಿಳದು ನಾ ಹಿಡದೀನಿ. ಚರ್ಮದ್ದಲ್ಲ ಅಂತ ಒಳಗ ಬರೋದಾದ್ರ ಬ್ಯಾಡ."

ಆಮೇಲೆ ಫೋನು ತೆಗೆದು, ಬಾಯಿಯ ಹತ್ತಿರ ಹಿಡಿದು, ಅದೇ ತರಗತಿಯ ದನಿಯಲ್ಲಿ ಗುಂಪಿಗೆ ಹೇಳಿದರು: "ಎಲ್ಲಾರೂ ಕೇಳ್ರಿ. ರೇಖಾ ಹೇಳಿದ್ದು ಖರೇ ಅದ. ತಪ್ಪು ನಂದು. ಚೀಲ ನಕಲಿ. ಮಾಡಿದಾವ ನನ್ನ ಮುಂದ ಕೂತಾನ, ಅವನ ಬಾಯಿಂದ್ಲೇ ಕೇಳ್ರಿ." ಫೋನನ್ನು ನನ್ನ ಮುಂದೆ ಚಾಚಿದರು. ರೇಖಾ ಬೇಡವೆಂದು ಅಡ್ಡ ಕೈ ತಂದಳು. ನಾನು ಅವಳ ಕೈ ಸರಿಸಿ, ನನ್ನ ಹೆಸರು ಹೇಳಿದೆ, ನನ್ನಪ್ಪನ ಹೆಸರು ಹೇಳಿದೆ, ಓಣಿಯ ಹೆಸರು ಹೇಳಿದೆ. ನಾನು ರೆಕ್ಸಿನ್ ಮಾರಿ ಚರ್ಮವೆಂದೆ, ಜೆ ಅಕ್ಷರದ ಚೀಲ ಯಾರ ಮನೆಯಲ್ಲಿದ್ದರೂ ಅದು ನನ್ನ ಸುಳ್ಳು, ನನ್ನ ಸೊಸೆಯದು ಒಂದೂ ಇಲ್ಲ ಎಂದೆ. ದನಿ ನಡುಗಲಿಲ್ಲ. ಅಷ್ಟು ಮಾತ್ರ ನನ್ನ ಹೆಮ್ಮೆ.

ಎದ್ದು ಚಪ್ಪಲಿ ಹುಡುಕಿದೆ.

"ಎಲ್ಲಿ ಹೊಂಟ್ರಿ?" ಎಂದರು ಬಾಯಾರು. "ಒಳಗ ಬರ್ರಿ, ಚಹಾ ಮಾಡ್ತೀನಿ. ರೇಖಾ, ನೀನೂ ಬಾರವಾ."

ನಾನು ಅಜ್ಜಿಯ ಕಡೆ ನೋಡಿದೆ. ಅವರ ಎರಡೂ ಕೈ ಇನ್ನೂ ಚೌಕಟ್ಟಿನ ಮೇಲಿದ್ದವು. ಆಮೇಲೆ ಅಜ್ಜಿ ಒಂದು ಕೈ ತೆಗೆದು, ಗೋಡೆ ಹಿಡಿದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

"ಮೊದಲ ಅವನ ಕಾಲಿಗೆ ನೀರು ಕೊಡು" ಎಂದರು.

ನಮ್ಮ ಕಡೆ ಬಂದ ಬೀಗರಿಗೂ ಕಾಲಿಗೆ ನೀರು ಕೊಡುತ್ತಾರೆ, ಮೈಲಿಗೆ ತೊಳೆಯಲೂ ಕೊಡುತ್ತಾರೆ. ಬಾಯಾರು ತಂಬಿಗೆ ತುಂಬಿ ತಂದು ನನ್ನ ಕೈಗೇ ಕೊಟ್ಟರು. ಅದು ಯಾವ ನೀರು ಎಂದು ಪರೀಕ್ಷೆ ಮಾಡುವ ಗೋಜಿಗೆ ನಾನು ಹೋಗಲಿಲ್ಲ. ಧೋತ್ರ ಎತ್ತಿಕೊಂಡು, ಎರಡೂ ಕಾಲನ್ನು ಚೆನ್ನಾಗಿ ತೊಳೆದುಕೊಂಡೆ.